ಗೇಟಿನ ಡ್ಯೂಟಿ

ಫ್ಯೂಸಣ್ಣನಿಗೆ ತನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಅತ್ತೆ ನಕ್ಕ ದಿನ.

ಅತ್ತೆ ನಗುವುದೆಂದರೆ ಸಣ್ಣ ಸಂಗತಿಯಲ್ಲ. ಶ್ವಾಸಕೋಶ ಕೈಕೊಟ್ಟ ಮೇಲೆ ಅವರು ಮಾತನ್ನೇ ಅಳೆದು ತೂಗಿ ಆಡುತ್ತಿದ್ದರು, ಇನ್ನು ನಗುವುದಕ್ಕೆ ಉಸಿರು ಎಲ್ಲಿಂದ ತರಬೇಕು? ಮೂಗಿಗೆ ನಳಿಕೆ, ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಗುರುಗುಟ್ಟುವ ಆಕ್ಸಿಜನ್ ಯಂತ್ರ. ದೊಡ್ಡ ಮಗಳ ಮನೆಗೆ ಬಂದಾಗಿನಿಂದ ಅವರ ಪ್ರಪಂಚವೇ ಅಷ್ಟು. ದೊಡ್ಡ ಅಳಿಯ ಫ್ಯೂಸಣ್ಣ ಆ ಯಂತ್ರಕ್ಕೆ ಪ್ಲಗ್ ಹಾಕಿಕೊಟ್ಟವನು, ಅದರ ಜಾಲರಿಯನ್ನು ತಾನೇ ತೊಳೆದು ಒಣಗಿಸುವವನು, ಅತ್ತೆಯ ತಲೆದಿಂಬು ಎಷ್ಟು ಎತ್ತರವಿದ್ದರೆ ಉಸಿರು ಸಲೀಸು ಎಂದು ಕಣ್ಣಳತೆಯಲ್ಲೇ ಬಲ್ಲವನು. ಆದರೂ ಅವನ ಮುಂದೆ ಅತ್ತೆ ಒಂದು ದಿನ ಬಾಯಿ ಬಿಟ್ಟು ನಕ್ಕಿರಲಿಲ್ಲ. ಚಿಕ್ಕ ಅಳಿಯ ಬಂದ, ಕುರ್ಚಿ ಎಳೆದುಕೊಂಡು ಕೂತ, ಫೈರ್ ಸ್ಟೇಷನ್ನಿನ ಸಾಹೇಬರು ತಮ್ಮದೇ ಬಾತ್‌ರೂಮಿನಲ್ಲಿ ಸಿಕ್ಕಿಹಾಕಿಕೊಂಡು ಸಿಬ್ಬಂದಿ ಕೈಲಿ ಚಿಲಕ ಮುರಿಸಿಕೊಂಡ ಕತೆ ಹೇಳಿದ. ಅತ್ತೆ ಮೂಗಿನ ನಳಿಕೆ ಅಲುಗಾಡುವಷ್ಟು ನಕ್ಕರು.

ಫ್ಯೂಸಣ್ಣ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಅತ್ತೆ ನಕ್ಕರೆ ಸಂತೋಷಪಡಬೇಕು, ಅದು ಅವನಿಗೂ ಗೊತ್ತು. ಪಡಲಾಗಲಿಲ್ಲ. "ಜಾಸ್ತಿ ನಗಿಸಬೇಡ, ಉಸಿರು ಕಟ್ಟುತ್ತೆ" ಎಂದು ಗೊಣಗಿ ಆಚೆ ಹೋದ.

ಅವನಿಗೆ ಫ್ಯೂಸಣ್ಣ ಎಂದು ಹೆಸರಿಟ್ಟದ್ದು ಬೀದಿಯವರು. ಪಿಂಗಾಣಿಯ ಫ್ಯೂಸುಗಳಿದ್ದ ಕಾಲದಲ್ಲಿ ಯಾರ ಮನೆಯ ದೀಪ ಹೋದರೂ ಇವನೇ ಓಡಿ ತಂತಿ ಕಟ್ಟಿಕೊಡುತ್ತಿದ್ದ. ಈಗ ಫ್ಯೂಸುಗಳಿಲ್ಲ, ಹೊರೆ ಹೆಚ್ಚಾದರೆ ತಾವಾಗಿಯೇ ಬೀಳುವ ಎಂಸಿಬಿ ಸ್ವಿಚ್ಚುಗಳು ಬಂದಿವೆ. ಹೆಸರು ಮಾತ್ರ ಹಾಗೇ ಉಳಿದಿದೆ. ಬೀದಿಯಲ್ಲಿ ಕರೆಂಟು ಹೋದರೆ ಜನ ಮೊದಲು ಅವನ ಕಡೆ ನೋಡುತ್ತಾರೆ, ಆಮೇಲೆ ಆಕಾಶದ ಕಡೆ. ಅವನ ಮನೆಯಲ್ಲೂ ಹಾಗೇ. ಹೆಂಡತಿಗಾಗಲಿ ಮಗಳಿಗಾಗಲಿ ಬೋರ್ಡಿನಲ್ಲಿ ಯಾವ ಸ್ವಿಚ್ಚು ಯಾವುದರದ್ದೆಂದು ಗೊತ್ತಿರಲಿಲ್ಲ. ಅವನು ಹೇಳಿಕೊಟ್ಟಿರಲಿಲ್ಲ. ಕೇಳಿದರೆ, "ನಾನಿದೀನಲ್ಲ" ಎನ್ನುತ್ತಿದ್ದ.

ಇಂಥವನಿಗೆ ಷಡ್ಡಕನಾಗಿ ಸಿಕ್ಕಿದವನು ಅಗ್ನಿಶಾಮಕ ದಳದವನು. ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಚಿಕ್ಕವನು, ಎತ್ತರದವನು, ಇಸ್ತ್ರಿ ಮಾಡಿದ ಸಮವಸ್ತ್ರದವನು. ಸಾಲದ್ದಕ್ಕೆ ಒಳ್ಳೆಯವನು ಬೇರೆ. ಕೆಟ್ಟವನಾಗಿದ್ದರೆ ಫ್ಯೂಸಣ್ಣ ಹಾಯಾಗಿ ಬೈದುಕೊಂಡು ಸುಮ್ಮನಿರುತ್ತಿದ್ದ. ಒಳ್ಳೆಯವನ ಮೇಲೆ ಹೊಟ್ಟೆ ಉರಿಸಿಕೊಳ್ಳುವುದು ಬಹಳ ಕಷ್ಟದ ಕೆಲಸ, ದಿನವೂ ಹೊಸ ಕಾರಣ ಹುಡುಕಬೇಕಾಗುತ್ತದೆ.

ಅವತ್ತೇ ಒಂದು ಕಾರಣ ಸಿಕ್ಕಿತು. ಕಾಫಿ ಕುಡಿಯುತ್ತಾ ಷಡ್ಡಕ ಯಂತ್ರದ ಕಡೆ ನೋಡಿ ಕೇಳಿದ: "ಅಣ್ಣ, ಕರೆಂಟ್ ಹೋದ್ರೆ ಅತ್ತೆಗೆ ಏನು ವ್ಯವಸ್ಥೆ?"

"ನಾನಿದೀನಲ್ಲ" ಎಂದ ಫ್ಯೂಸಣ್ಣ.

"ನೀವು ಕೆಲಸಕ್ಕೆ ಹೋಗಿದ್ದಾಗ?"

ಫ್ಯೂಸಣ್ಣ ಕಾಫಿಯ ಲೋಟದೊಳಗೆ ನೋಡಿದ. ಹೆಂಡತಿ ಅಡುಗೆಮನೆಯಿಂದಲೇ, "ಅಯ್ಯೋ, ಒಂದ್ಸಲ ಆಗಿತ್ತಲ್ಲ, ಪ್ರಾಣ ಬಾಯಿಗೆ ಬಂದಿತ್ತು!" ಎಂದು ಶುರುಮಾಡಿದಳು.

ಆಗಿದ್ದು ನಿಜ. ಅತ್ತೆ ಬಂದ ಹೊಸದರಲ್ಲಿ, ಫ್ಯೂಸಣ್ಣ ಊರ ಇನ್ನೊಂದು ತುದಿಯಲ್ಲಿ ಕೆಲಸದಲ್ಲಿದ್ದಾಗ, ಅತ್ತೆಯ ಕೋಣೆಯ ಸ್ವಿಚ್ಚು ಬಿದ್ದುಹೋಯಿತು. ಆ ಕೋಣೆಯ ಒಂದೇ ಲೈನಿನ ಮೇಲೆ ಗೀಸರು, ಚಳಿಗೆ ಹೀಟರು, ಅದರ ಜೊತೆಗೆ ಯಂತ್ರ. ತೆಳ್ಳಗಿನ ಹಳೇ ವೈರು ಅಷ್ಟನ್ನೆಲ್ಲ ಹೊರಲಾರದು, ಹಾಗಾಗಿ ಸ್ವಿಚ್ಚು ತನ್ನ ಕರ್ತವ್ಯ ಮಾಡಿತು. ಯಂತ್ರ ಪೀಂ ಪೀಂ ಎಂದು ಅರಚತೊಡಗಿತು, ಅತ್ತೆಯ ತುಟಿ ನೀಲಿಯಾಯಿತು, ಹೆಂಡತಿ ಬೋರ್ಡಿನ ಮುಂದೆ ನಿಂತು ಯಾವುದನ್ನು ಎತ್ತಬೇಕೆಂದು ತಿಳಿಯದೆ ಫೋನಿನಲ್ಲಿ ಅತ್ತಳು. ಫ್ಯೂಸಣ್ಣ ಫೋನಿನಲ್ಲೇ ಹೇಳಿಕೊಟ್ಟು ಎತ್ತಿಸಿದ. ಅವತ್ತು ಸಂಜೆ ಮನೆಗೆ ಬಂದವನೇ ಆ ಹದಿನಾರು ಆಂಪಿನ ಎಂಸಿಬಿಯನ್ನು ಕಿತ್ತು, ಮೂವತ್ತೆರಡರದ್ದನ್ನು ಕೂರಿಸಿಬಿಟ್ಟ. ಇನ್ನು ಆ ಸ್ವಿಚ್ಚು ಬೀಳುವುದಿಲ್ಲ, ಅತ್ತೆಯ ಯಂತ್ರ ನಿಲ್ಲುವುದಿಲ್ಲ. ವೈರು ಬಿಸಿಯಾದರೂ ಸ್ವಿಚ್ಚು ಸುಮ್ಮನಿರುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬರುವ ಭಾನುವಾರ ಗೀಸರಿಗೆ ಬೇರೆಯದೇ ದಪ್ಪ ವೈರು ಎಳೆದರಾಯಿತು ಎಂದುಕೊಂಡು ವೈರಿನ ಸುರುಳಿಯನ್ನೂ ತಂದು ಮಂಚದ ಕೆಳಗೆ ತಳ್ಳಿದ್ದ. ಭಾನುವಾರಗಳೆಲ್ಲ ಬೇರೆಯವರ ಮನೆಯ ಕೆಲಸಕ್ಕೇ ಹೋದವು.

"ಬೋರ್ಡ್ ಒಂದ್ಸಲ ನೋಡ್ಲಾ?" ಎಂದು ಷಡ್ಡಕ ಎದ್ದ.

ಬೋರ್ಡು ಇದ್ದದ್ದು ಮನೆಯೊಳಗೆ ಕೋಣೆಗಳ ನಡುವಿನ ಇಕ್ಕಟ್ಟು ಓಣಿಯಲ್ಲಿ, ಗೂಟಕ್ಕೆ ನೇತುಹಾಕಿದ ಕೋಟುಗಳ ಹಿಂದೆ. ಮುಂದೆ ಚಪ್ಪಲಿ ಗೂಡು, ಹಳೇ ಪೇಪರಿನ ಕಟ್ಟು, ಮುರಿದ ಕೊಡೆ. ಮುಚ್ಚಳ ಎಂದೋ ಕಳಚಿತ್ತು. ಷಡ್ಡಕ ಕೋಟು ಸರಿಸಿ, ಸ್ವಿಚ್ಚುಗಳ ಸಾಲಿನ ಮೇಲೆ ಬೆರಳಿನ ಹಿಂಬದಿಯನ್ನು ಮೆಲ್ಲಗೆ ಹಾಯಿಸಿದ. ಒಂದರ ಮೇಲೆ ಬೆರಳು ನಿಂತಿತು. ಬಗ್ಗಿ ಅದರ ಮೇಲಿದ್ದ ಅಂಕಿ ಓದಿದ. ಆಮೇಲೆ ಫ್ಯೂಸಣ್ಣನ ಮುಖ ನೋಡಿದ. ಫ್ಯೂಸಣ್ಣ ಚಾವಣಿ ನೋಡಿದ.

ಷಡ್ಡಕ ಬಾಯಿ ಬಿಟ್ಟು ಏನಾದರೂ ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವನು ಅಂದದ್ದು ಇಷ್ಟೇ: "ಇದರ ಮುಂದಿರೋ ಸಾಮಾನೆಲ್ಲ ಖಾಲಿ ಮಾಡಿದ್ರೆ ಒಳ್ಳೇದು." ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿಯಲು ಹೋದ ಫ್ಯೂಸಣ್ಣನಿಗೆ ಅಡುಗೆಮನೆಯಲ್ಲಿ ಷಡ್ಡಕನೂ ತನ್ನ ಹೆಂಡತಿಯೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದದ್ದು ಕಂಡಿತು. ಇವನನ್ನು ನೋಡಿದ್ದೇ ತಡ, ಇಬ್ಬರ ಬಾಯಿಗೂ ಬೀಗ ಬಿತ್ತು. ಹೆಂಡತಿ ಸುಮ್ಮನೆ ಒಲೆ ಒರೆಸತೊಡಗಿದಳು.

ಫ್ಯೂಸಣ್ಣನಿಗೆ ಮೈಯೆಲ್ಲ ಉರಿಯಿತು. ತನ್ನ ಮನೆ, ತನ್ನ ಬೋರ್ಡು, ತನ್ನ ಹೆಂಡತಿ. ಇವಳು ಅಷ್ಟು ಮೆಲ್ಲನೆಯ ದನಿಯಲ್ಲಿ ತನ್ನ ಜೊತೆ ಮಾತಾಡಿ ಎಷ್ಟು ಕಾಲವಾಯಿತು? ಲೆಕ್ಕ ಹಾಕಲು ಹೋಗಿ ಇನ್ನಷ್ಟು ಉರಿದುಕೊಂಡ. ಆ ಭಾನುವಾರ ಅವನಿಗೆ ಬೇರೆ ಕೆಲಸವಿರಲಿಲ್ಲ. ಆದರೂ ಮಂಚದ ಕೆಳಗಿನ ವೈರಿನ ಸುರುಳಿಯನ್ನು ಅವನು ಈಚೆಗೆ ಎಳೆಯಲಿಲ್ಲ. ಈಗ ವೈರು ಬದಲಾಯಿಸಿದರೆ ಏನಾಗುತ್ತದೆ? ಷಡ್ಡಕ ಹೇಳಿದ, ಫ್ಯೂಸಣ್ಣ ಮಾಡಿದ ಎಂದಾಗುತ್ತದೆ. ಅದಕ್ಕಿಂತ ವೈರು ಬಿಸಿಯಾಗಿಯೇ ಇರಲಿ.

ಮಾರನೆಯ ವಾರ ಷಡ್ಡಕ ಎರಡು ಟಾರ್ಚು, ಒಂದು ಪುಟ್ಟ ಆಕ್ಸಿಜನ್ ಸಿಲಿಂಡರು, ಗಾಲಿಕುರ್ಚಿ ಎಲ್ಲವನ್ನೂ ಹೊತ್ತು ತಂದ. ಜೊತೆಗೆ ಯೋಜನೆಯನ್ನೂ ತಂದ.

"ಏನಾದ್ರೂ ಆದ್ರೆ ಯಾರು ಏನು ಮಾಡ್ಬೇಕು ಅನ್ನೋದು ಮೊದಲೇ ಗೊತ್ತಿರ್ಬೇಕು" ಎಂದು ನಡುಮನೆಯಲ್ಲಿ ನಿಂತು ಹೇಳಿದ. "ಎಲ್ರೂ ಎಲ್ಲ ಮಾಡೋಕೆ ಹೋದ್ರೆ ಯಾರೂ ಏನೂ ಮಾಡಲ್ಲ. ಅಕ್ಕ, ಬೋರ್ಡ್ ನಿಮ್ದು. ಸುಟ್ಟ ವಾಸನೆ ಬಂತು, ಹೊಗೆ ಕಂಡಿತು ಅಂದ್ರೆ ಹಿಂದೆ ಮುಂದೆ ನೋಡದೆ ಮೇನ್ ಆಫ್. ಉರಿ ಕಾಣಿಸಿದ್ರೆ ಮಾತ್ರ ಹತ್ರ ಹೋಗ್ಬೇಡಿ, ನೀರಂತೂ ಹಾಕ್ಲೇಬೇಡಿ, ನೇರ ಆಚೆ ಬಂದ್ಬಿಡಿ. ಪುಟ್ಟಿ, ಅಜ್ಜಿ ನಿನ್ ಜವಾಬ್ದಾರಿ. ನಳಿಕೆ ಸಿಲಿಂಡರಿಗೆ, ಅಜ್ಜಿ ಕುರ್ಚಿಗೆ, ಅಡುಗೆಮನೆ ಬಾಗಿಲಿಂದ ಅಂಗಳಕ್ಕೆ. ಸ್ಟೇಷನ್ನಿಗೆ ಫೋನೂ ನಿಂದೇ."

ಕಾಲೇಜಿಗೆ ಹೋಗುವ ಮಗಳು ಸಿಪಾಯಿಯ ಹಾಗೆ ಎದೆ ಸೆಟೆಸಿ, "ಆಯ್ತು ಚಿಕ್ಕಪ್ಪ" ಎಂದಳು. ಅಪ್ಪ ಹೇಳಿದ ಕೆಲಸಕ್ಕೆ ಅವಳು ಹೀಗೆ ನಿಂತದ್ದನ್ನು ಫ್ಯೂಸಣ್ಣ ಕಂಡಿರಲಿಲ್ಲ.

"ಅಣ್ಣ, ನೀವು ಗೇಟು" ಎಂದ ಷಡ್ಡಕ.

"ಏನು?"

"ಗೇಟು. ನಿಮ್ಮ ಸ್ಕೂಟರ್ ಗೇಟಿಗೆ ಅಡ್ಡ ನಿಂತಿರುತ್ತೆ. ಅದನ್ನ ತೆಗೆದು, ಎರಡೂ ಬಾಗಿಲು ಪೂರ್ತಿ ತೆರೆದು ಹಿಡೀಬೇಕು. ಕುರ್ಚಿ ಹೊರಗೆ ಹೋಗ್ಬೇಕು, ನಮ್ಮ ಗಾಡಿಯವರು ಒಳಗೆ ಬರ್ಬೇಕು. ಬೀದೀಲಿ ನಿಂತು ಅವರಿಗೆ ಮನೆ ತೋರಿಸ್ಬೇಕು."

"ಬೋರ್ಡು ನನ್ನ ಹೊಟ್ಟೆಪಾಡು ಕಣಯ್ಯ! ಹುಟ್ಟಿದಾಗಿಂದ ಅದರ ಜೊತೇಲೇ ಬಾಳಿದೀನಿ. ಇವಳು ಬೋರ್ಡಿಗೆ, ನಾನು ಗೇಟಿಗಾ? ವಾಚ್‌ಮನ್ ಕೆಲ್ಸಕ್ಕಾ?"

"ಗೇಟೂ ಮುಖ್ಯಾನೇ ಅಣ್ಣ" ಎಂದ ಷಡ್ಡಕ, ಅವನ ಕಣ್ಣು ತಪ್ಪಿಸಿ. ಅತ್ತೆ ಮಂಚದ ಮೇಲಿನಿಂದ, "ಒಪ್ಕೊಳ್ಳಿ ಅಳಿಯಂದ್ರೇ" ಎಂದು ಒಂದು ಉಸಿರು ಖರ್ಚು ಮಾಡಿದರು. ಹೆಂಡತಿ ನೆಲ ನೋಡುತ್ತಿದ್ದಳು. ಫ್ಯೂಸಣ್ಣನಿಗೆ ಎಲ್ಲವೂ ಅರ್ಥವಾಯಿತು, ಅಥವಾ ಹಾಗೆಂದುಕೊಂಡ. ಆ ಎಂಸಿಬಿ ನೋಡಿದ ಮೇಲೆ ಇವನು ತನ್ನನ್ನು ಬೋರ್ಡಿಗೆ ಲಾಯಕ್ಕಿಲ್ಲದವನೆಂದು ತೀರ್ಮಾನಿಸಿದ್ದಾನೆ, ಹೆಂಡತಿಯ ಕಿವಿಯಲ್ಲೂ ಅದನ್ನೇ ಊದಿದ್ದಾನೆ.

ತಾಲೀಮು ನಡೆದೇಬಿಟ್ಟಿತು. ಷಡ್ಡಕ "ಹೊಗೆ!" ಎಂದು ಕೂಗಿದ. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತಾ ಬಗ್ಗಿ ನಡೆದು, ಬೋರ್ಡಿನ ಮೇಲ್ತುದಿಯ ಮೇನ್ ಹಿಡಿಯನ್ನು ಒಂದೇ ಏಟಿಗೆ ಕೆಳಗೆಳೆದಳು. ಮಗಳು ಅಜ್ಜಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದಳು. ಅಷ್ಟು ಹೊತ್ತಿಗೂ ಫ್ಯೂಸಣ್ಣ ಸ್ಕೂಟರಿನ ಬೀಗ ತೆಗೆಯುತ್ತಲೇ ಇದ್ದ. ಬೇಕೆಂದೇ ನಿಧಾನ ಮಾಡಿದ್ದ.

"ಅಪ್ಪಾ, ಬೇಗ! ನಿನ್ನಿಂದಾನೇ ನಾವೆಲ್ಲ ಸುಟ್ಟುಹೋದ್ವಿ!" ಎಂದು ಮಗಳು ನಕ್ಕಳು. ಎದುರುಮನೆಯ ಕಿಟಕಿಯಿಂದ ಯಾರೋ, "ಏನ್ ಫ್ಯೂಸಣ್ಣ, ಹೊಸ ಡ್ಯೂಟಿನಾ?" ಎಂದರು. ಷಡ್ಡಕ ಫ್ಯೂಸಣ್ಣನ ಹೆಂಡತಿಯ ಕಡೆ ತಿರುಗಿ, "ಅಕ್ಕ, ನಮ್ಮ ಸ್ಟೇಷನ್ನಿನ ಹುಡುಗ್ರೂ ಇಷ್ಟು ಚುರುಕಿಲ್ಲ" ಎಂದ. ಅವಳ ಮುಖ ಅರಳಿತು. ಫ್ಯೂಸಣ್ಣ ಸ್ಕೂಟರನ್ನು ಒದ್ದು ಸ್ಟ್ಯಾಂಡ್ ಹಾಕಿದ.

ಅಲ್ಲಿಂದ ಮುಂದೆ ಮನೆಯಲ್ಲಿ ಷಡ್ಡಕನ ಜಪವೇ ಆಯಿತು. ಹೆಂಡತಿ ಓಣಿಯ ಸಾಮಾನೆಲ್ಲ ಖಾಲಿ ಮಾಡಿದಳು, ಪ್ರತಿ ಸ್ವಿಚ್ಚಿನ ಕೆಳಗೂ ಬಿಳಿ ಪಟ್ಟಿ ಅಂಟಿಸಿ ಅದು ಯಾವುದರದ್ದೆಂದು ಬರೆದಳು, ಟಾರ್ಚು ಮೊಳೆಗೆ ನೇತುಹಾಕಿದಳು. ಒಂದು ಅನುಮಾನ ಬಂದರೆ ಸಾಕು, ಮನೆಯಲ್ಲೇ ಇರುವ ಎಲೆಕ್ಟ್ರಿಷಿಯನ್ನನ್ನು ಬಿಟ್ಟು ಫೋನು ಮಾಡಿ ಷಡ್ಡಕನನ್ನು ಕೇಳುತ್ತಿದ್ದಳು. ಗಂಡನಿಗೂ ಒಂದೆರಡು ಸಲ ಹೇಳಿದಳು, "ಆ ಗೀಸರ್ ಲೈನ್ ಒಂದು ಬೇರೆ ಮಾಡ್ಬಿಡಿ ರೀ" ಎಂದು. "ಯಾಕೆ, ಅವನು ಹೇಳಿದ್ನಾ?" ಎಂದು ಇವನು ಕಣ್ಣು ಕೆಂಪಗೆ ಮಾಡಿದ. ಅವಳು ಅಲ್ಲಿಗೆ ಮಾತು ನಿಲ್ಲಿಸಿದಳು. ಇವನು ಹಟಕ್ಕೆ ತನ್ನ ದಪ್ಪ ಕೋಟನ್ನು ಮತ್ತೆ ಬೋರ್ಡಿನ ಪಕ್ಕದ ಗೂಟಕ್ಕೇ ನೇತುಹಾಕಿದ. ಅವಳು ತೆಗೆದಿಟ್ಟರೆ ಮತ್ತೆ ಹಾಕುತ್ತಿದ್ದ.

ಆ ದಿನಗಳಲ್ಲೇ ಒಮ್ಮೆ ಲಾಂಡ್ರಿ ಅಂಗಡಿಯ ಯಜಮಾನಿ ಅವನನ್ನು ಕರೆಸಿ, ಸ್ವಿಚ್ಚು ಪದೇ ಪದೇ ಬೀಳುತ್ತದೆ, ದೊಡ್ಡದೊಂದನ್ನು ಹಾಕಿಕೊಡು ಎಂದಳು. ಫ್ಯೂಸಣ್ಣ ಅವಳ ಮೇಲೆ ಹರಿಹಾಯ್ದ. "ವೈರಿಗೆ ತಡೆಯೋ ಶಕ್ತಿ ಇಲ್ದೆ ದೊಡ್ಡ ಸ್ವಿಚ್ ಹಾಕಿದ್ರೆ ಸ್ವಿಚ್ ಬೀಳಲ್ಲಮ್ಮ, ಅಂಗಡಿ ಬೀಳುತ್ತೆ! ಯಾವನಾದ್ರೂ ಹಾಕಿಕೊಡ್ತೀನಿ ಅಂದ್ರೆ ಅವನನ್ನ ಒಳಗೇ ಬಿಟ್ಕೋಬೇಡಿ." ಅವಳು ಹೆದರಿ ಹೊಸ ಲೈನಿಗೇ ಒಪ್ಪಿದಳು. ಅಚ್ಚುಕಟ್ಟಾಗಿ ಎಳೆದುಕೊಟ್ಟು ಮನೆಗೆ ಬಂದ. ಓಣಿಯಲ್ಲಿ ಬೋರ್ಡಿನ ಮುಂದೆ ಹಾದುಹೋಗುವಾಗ ಮುಖವನ್ನು ಆಚೆಗೆ ತಿರುಗಿಸಿಕೊಂಡ.

ಆ ದಿನ ಬಂದದ್ದು ಒಂದು ರಜೆಯ ಬೆಳಿಗ್ಗೆ. ಎಲುಬು ಕೊರೆಯುವ ಚಳಿ. ಅತ್ತೆಯ ಕೋಣೆಯಲ್ಲಿ ಹೀಟರು ಕೆಂಪಗೆ ಕಾದಿತ್ತು, ಅವರ ಸ್ನಾನಕ್ಕೆಂದು ಗೀಸರು ಹಾಕಿತ್ತು, ಯಂತ್ರವಂತೂ ಇದ್ದೇ ಇತ್ತು. ಬೆಚ್ಚಗಿದೆಯೆಂದು ಹೆಂಡತಿ ಅಲ್ಲೇ ಕೂತು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಗಳು ಅಜ್ಜಿಯ ತಲೆ ಬಾಚುತ್ತಿದ್ದಳು. ಷಡ್ಡಕ ಸಂಜೆ ಬರುತ್ತಾನಂತೆ ಎಂದು ಮೂವರೂ ಮಾತಾಡಿಕೊಳ್ಳುತ್ತಿದ್ದದ್ದು ಓಣಿಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ ಫ್ಯೂಸಣ್ಣನಿಗೆ ಕೇಳುತ್ತಿತ್ತು. "ಬರ್ಲಿ, ಆರತಿ ಎತ್ತಿ" ಎಂದು ಹಲ್ಲು ಕಡಿದ.

ವಾಸನೆ ಮೊದಲು ಬಡಿದದ್ದು ಅವನ ಮೂಗಿಗೇ. ಕರಗುವ ಪ್ಲಾಸ್ಟಿಕ್ಕಿನ, ಮೀನು ಕೆಟ್ಟಂಥ ಆ ವಾಸನೆ ಅವನಿಗೆ ಚಿರಪರಿಚಿತ. ತಲೆಯೆತ್ತಿದರೆ ಮೂವತ್ತೆರಡರ ಆ ಸ್ವಿಚ್ಚಿನ ಕೆಳಗಿನಿಂದ ಹೊಗೆಯ ಎಳೆಯೊಂದು ಮೇಲೇರುತ್ತಿತ್ತು. ಹೆಂಡತಿ ಅಂಟಿಸಿದ ಬಿಳಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಳ್ಳುತ್ತಿತ್ತು. ಕೈ ಚಾಚಿದರೆ ಮೇನ್ ಸ್ವಿಚ್ಚು. ಒಂದು ಬೆರಳಿನ ಕೆಲಸ.

ಮೇನ್ ಇಳಿಸಿದರೆ? ಯಂತ್ರ ನಿಲ್ಲುತ್ತದೆ, ಪೀಂ ಪೀಂ ಎಂದು ಅರಚುತ್ತದೆ. ತಾಲೀಮಿನ ಪ್ರಕಾರ ಎಲ್ಲರೂ ಆಚೆ ಓಡುತ್ತಾರೆ, ಮಗಳು ಫೋನು ಮಾಡುತ್ತಾಳೆ, ಗಂಟೆ ಬಾರಿಸುತ್ತಾ ಆ ಕೆಂಪು ಗಾಡಿ ಬರುತ್ತದೆ, ಅದರಿಂದ ಅವನು ಇಳಿಯುತ್ತಾನೆ. ಇಳಿದು, ಬೋರ್ಡು ನೋಡಿ, ಏನೂ ಅನ್ನುವುದಿಲ್ಲ. ಆ ಏನೂ ಅನ್ನದ ಮುಖವನ್ನು ನೆನೆದೇ ಫ್ಯೂಸಣ್ಣನ ರಕ್ತ ಕುದಿಯಿತು. ಸಡಿಲವಾದ ಒಂದು ಸ್ಕ್ರೂ ತಾನೆ? ಬಿಗಿ ಮಾಡಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ವಾಸನೆ ಒಳಗೆ ಹೋಗದಿರಲೆಂದು ಓಣಿಯ ಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದ.

ಕರೆಂಟು ಹರಿಯುತ್ತಿರುವಾಗಲೇ ಬೋರ್ಡಿಗೆ ಕೈ ಹಾಕಬಾರದೆಂದು ಅವನು ಎಷ್ಟು ಜನಕ್ಕೆ ಬೈದಿದ್ದನೋ. ಸ್ಕ್ರೂವಿಗೆ ಮೊನೆ ತಾಗಿತು, ಮೆತ್ತಗಾಗಿದ್ದ ಸ್ವಿಚ್ಚಿನ ಮೈ ಕುಸಿಯಿತು, ಬರಿದಾದ ವೈರು ಜಾರಿ ಪಕ್ಕದ್ದಕ್ಕೆ ತಗುಲಿತು. ಫಟಾರ್ ಎಂದು ನೀಲಿ ಬೆಳಕು ಸಿಡಿಯಿತು. ಬಲಗೈ ಬೆಂದುಹೋಯಿತು. ಕಿಡಿ ಹಾರಿ ಪಕ್ಕದ ಗೂಟದಲ್ಲಿದ್ದ ಕೋಟು ಹೊತ್ತಿಕೊಂಡಿತು. ಓಣಿ ತುಂಬ ಹೊಗೆ ಕವಿಯಿತು. ಅವನು ಎಡಗೈಯಿಂದ ಕೋಟನ್ನು ಎಳೆಯಲು ಹೋದ, ಕೆಮ್ಮು ಒತ್ತರಿಸಿ ಬಂದು ಗೋಡೆಗೆ ಒರಗಿದ.

ಬಾಗಿಲು ತೆರೆಯಿತು. ಹೆಂಡತಿ.

"ಏನಿಲ್ಲ, ಏನಿಲ್ಲ, ಒಳಗೆ ಬರ್ಬೇಡ! ನಾನು ನೋಡ್ಕೋತೀನಿ!" ಎಂದು ಕೆಮ್ಮಿನ ನಡುವೆಯೇ ಅರಚಿದ.

ಉರಿ ಕಂಡರೆ ಹತ್ತಿರ ಹೋಗಬಾರದೆಂದು ಅವಳಿಗೆ ಹೇಳಿಕೊಟ್ಟಿದ್ದರು. ಅವಳು ಹೋದಳು. ಬಾಗಿಲ ಸಂದಿಯಲ್ಲಿದ್ದ ನೆಲ ಒರೆಸುವ ಒಣ ಮರದ ಕೋಲನ್ನು ಎತ್ತಿಕೊಂಡು, ಬಗ್ಗಿ ಬಂದು, ಅವನ ಹೆಗಲ ಮೇಲಿನಿಂದ ಕೋಲು ಚಾಚಿ ಮೇನ್ ಹಿಡಿಯನ್ನು ಬಡಿದು ಕೆಳಗಿಳಿಸಿದಳು. ಚಟಪಟ ಸದ್ದು ನಿಂತಿತು. ಒಳಗೆ ಯಂತ್ರ ಅರಚತೊಡಗಿತು. ಕೋಟು ಉರಿಯುತ್ತಲೇ ಇತ್ತು. "ಪುಟ್ಟೀ, ಅಜ್ಜಿ!" ಎಂದು ಕೂಗುತ್ತಾ ಗಂಡನ ಕೊರಳಪಟ್ಟಿ ಹಿಡಿದು ಅಡುಗೆಮನೆಯತ್ತ ಎಳೆದಳು.

ಮಗಳು ಅಷ್ಟರಲ್ಲಾಗಲೇ ನಳಿಕೆಯನ್ನು ಸಿಲಿಂಡರಿಗೆ ಹಾಕಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಳದ ತುದಿಗೆ ತಲುಪಿದ್ದಳು. ಅಲ್ಲಿ ನಿಂತುಬಿಟ್ಟಿದ್ದಳು. ಗೇಟು ಮುಚ್ಚಿತ್ತು. ಗೇಟಿಗೆ ಅಡ್ಡವಾಗಿ ಸ್ಕೂಟರು, ಹ್ಯಾಂಡಲಿಗೆ ಬೀಗ. ಒಂದು ಕಡೆ ಕಾಂಪೌಂಡು ಗೋಡೆ, ಇನ್ನೊಂದು ಕಡೆ ಮನೆಯ ಗೋಡೆ. ಅಡುಗೆಮನೆಯ ಬಾಗಿಲಿನಿಂದ ಕಪ್ಪು ಹೊಗೆ ಉರುಳಿ ಅಂಗಳಕ್ಕೆ ಇಳಿಯುತ್ತಿತ್ತು. ಅತ್ತೆ ಕೆಮ್ಮತೊಡಗಿದರು. ಕೆಮ್ಮುವುದಕ್ಕೂ ಅವರಲ್ಲಿ ಉಸಿರಿರಲಿಲ್ಲ, ಕುತ್ತಿಗೆಯ ನರಗಳಷ್ಟೇ ಉಬ್ಬಿಕೊಂಡು ಇಳಿಯುತ್ತಿದ್ದವು.

"ಅಪ್ಪಾ! ಗೇಟು! ಗೇಟು ನಿಂದಲ್ವಾ!" ಮಗಳ ಕೂಗಿಗೆ ಈ ಸಲ ನಗುವಿನ ಸೋಂಕೂ ಇರಲಿಲ್ಲ.

ಫ್ಯೂಸಣ್ಣ ಓಡಿದ. ಕೀ ಬಲಜೇಬಿನಲ್ಲಿತ್ತು, ಬಲಗೈ ಮಡಚಲು ಬರುತ್ತಿರಲಿಲ್ಲ. ಎಡಗೈಯನ್ನು ಬಲಜೇಬಿಗೆ ತುರುಕಲು ಹೋಗಿ ನಿಂತಲ್ಲೇ ಸುತ್ತು ತಿರುಗಿದ. ಹೆಂಡತಿಯೇ ಜೇಬಿಗೆ ಕೈ ಹಾಕಿ ಕೀ ಎಳೆದು ಬೀಗ ತಿರುಗಿಸಿದಳು. ಅವನು ಹೆಗಲು ಕೊಟ್ಟು ಸ್ಕೂಟರನ್ನು ಪಕ್ಕಕ್ಕೆ ಉರುಳಿಸಿದ. ಗೇಟಿನ ಎರಡೂ ಬಾಗಿಲು ಹಿಡಿದು ಎಳೆದಾಗ ಸುಟ್ಟ ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿ ಉಳಿಯಿತು. ಕುರ್ಚಿ ಬೀದಿಗೆ ಇಳಿಯಿತು. ಎದುರುಮನೆಯವರು ಓಡಿಬಂದು ಅತ್ತೆಯನ್ನು ಗಾಳಿಯಿದ್ದ ಕಡೆಗೆ ತಳ್ಳಿಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವರ ತುಟಿಗೆ ಬಣ್ಣ ಬಂತು.

ಮಗಳ ಫೋನಿಗೆ ಗಾಡಿ ಬಂತು. ಮೇನ್ ಬಿದ್ದಿದ್ದರಿಂದ ಬೆಂಕಿ ಬೋರ್ಡಿನಿಂದ ಮುಂದಕ್ಕೆ ಹಬ್ಬಿರಲಿಲ್ಲ. ಕೋಟು, ಗೂಟ, ಒಂದು ಗೋಡೆ, ಚಾವಣಿಯ ಒಂದು ಭಾಗ. ದಳದವರು ಪುಡಿ ಎರಚಿ ಆರಿಸಿದರು. ಷಡ್ಡಕ ಎಲ್ಲರಿಗಿಂತ ಮೊದಲು ಇಳಿದು, ಅತ್ತೆಯ ಮುಂದೆ ಮಂಡಿಯೂರಿ ಅವರ ಕೈ ಹಿಡಿದುಕೊಂಡ. ಅತ್ತೆ ಅವನ ಕೆನ್ನೆ ತಟ್ಟಿದರು. ಬಕೆಟ್ಟಿನ ತಣ್ಣೀರಿನಲ್ಲಿ ಕೈ ಅದ್ದಿಕೊಂಡು ಕಟ್ಟೆಯ ಮೇಲೆ ಕೂತಿದ್ದ ಫ್ಯೂಸಣ್ಣ ಅದನ್ನು ನೋಡಿದ. ಮನೆ ಸುಟ್ಟಿತ್ತು, ಕೈ ಬೆಂದಿತ್ತು, ಅತ್ತೆಯ ಜೀವ ಕೂದಲೆಳೆಯಲ್ಲಿ ಉಳಿದಿತ್ತು, ಅಂಥ ಹೊತ್ತಿನಲ್ಲೂ ಆ ಹಾಳು ಹೊಟ್ಟೆಕಿಚ್ಚು ಎದ್ದು ಬಂತು. ಮನುಷ್ಯನ ನಾಚಿಕೆಗೇಡಿತನಕ್ಕೂ ಒಂದು ಮಿತಿ ಇರಬೇಕು.

ಷಡ್ಡಕ ಓಣಿ ನೋಡಿಕೊಂಡು ಬಂದು ಅವನ ಪಕ್ಕದಲ್ಲಿ ಕೂತ. ನೀರಿನಿಂದ ಕೈಯೆತ್ತಿ ತಿರುಗಿಸಿ ನೋಡಿ, ಮತ್ತೆ ಮೆಲ್ಲಗೆ ನೀರಿಗಿಟ್ಟ. ಏನೂ ಅನ್ನಲಿಲ್ಲ.

"ಅಂದ್ಬಿಡು" ಎಂದ ಫ್ಯೂಸಣ್ಣ. "ಆ ಸ್ವಿಚ್ ಅವತ್ತೇ ನೋಡಿದ್ದೆ ಅಂತ ಅಂದ್ಬಿಡು. ನೋಡಿದ್ದಕ್ಕೆ ತಾನೆ ನನ್ನನ್ನ ಗೇಟಿಗೆ ಹಾಕಿದ್ದು? ಇವನಿಗೆ ಬೋರ್ಡ್ ಕೊಡಬಾರ್ದು ಅಂತ ತಾನೆ? ಗೆದ್ದೆ ಬಿಡಪ್ಪ."

ಷಡ್ಡಕ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಗೇಟು ನಾನು ಕೊಟ್ಟಿದ್ದಲ್ಲ ಅಣ್ಣ. ಬೋರ್ಡ್ ಅಣ್ಣಂಗೆ ಇರ್ಲಿ ಅಂತಾನೇ ನಾನು ಅಂದಿದ್ದು. ಅವರಿಗಿಂತ ಅದು ಯಾರಿಗೆ ಚೆನ್ನಾಗಿ ಗೊತ್ತು ಅಂದೆ. ಅಕ್ಕ ಬಿಲ್ಕುಲ್ ಬೇಡ ಅಂದ್ರು."

"ಅವಳಾ?"

"ಅವತ್ತು ಅಡುಗೆಮನೇಲಿ. ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ರು. ನಾನು ಹೇಳ್ದೆ ಅಂತ ಗೊತ್ತಾಗೋದು ಬೇಡ, ನೀವೇ ಹೇಳಿದ ಹಾಗಿರ್ಲಿ ಅಂದ್ರು." ದಳದವರು ಕರೆದರೆಂದು ಷಡ್ಡಕ ಎದ್ದು ಹೋದ.

ಹೆಂಡತಿ ಹೊಸ ಬಕೆಟ್ಟು ನೀರು ತಂದು ಇವನ ಮುಂದಿಟ್ಟಳು. ಮುಖದ ತುಂಬ ಮಸಿ, ಒಂದು ಹುಬ್ಬು ಅರ್ಧ ಸುಟ್ಟಿತ್ತು.

"ಗೇಟು ನೀನು ಕೊಟ್ಟಿದ್ದಂತೆ" ಎಂದ.

ಅವಳು ಅವನ ಕೈಯನ್ನು ಹೊಸ ನೀರಿಗೆ ವರ್ಗಾಯಿಸಿದಳು. "ಹೌದು."

"ನನ್ನ ಕೈಲಿ ಆಗಲ್ಲ ಅಂತಾನಾ?"

"ಬೋರ್ಡ್ ಹತ್ರ ಬಿಟ್ರೆ ನೀವು ಆಫ್ ಮಾಡಲ್ಲ ರೀ. ರಿಪೇರಿಗೆ ನಿಲ್ತೀರ. ಕೈ ಹಾಕ್ತೀರ. ಇಷ್ಟು ವರ್ಷ ನಿಮ್ಮ ಜೊತೆ ಬಾಳಿದೀನಿ, ಅಷ್ಟೂ ಗೊತ್ತಿಲ್ವಾ ನಂಗೆ?" ಹಳೇ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. "ಈ ಮನೇಲಿ ಬೋರ್ಡಿಂದ ಎಲ್ಲಕ್ಕಿಂತ ದೂರದ ಜಾಗ ಯಾವುದು ಅಂತ ನೋಡ್ದೆ. ಗೇಟೇ ದೂರ ಇತ್ತು."

ಮನೆಯವರ ಅಕ್ಕರೆಯೆಲ್ಲ ಷಡ್ಡಕನ ಪಾಲಿಗೆ, ತನಗೆ ಮಾತ್ರ ಇಲ್ಲ ಎಂದು ಅಷ್ಟು ದಿನ ಫ್ಯೂಸಣ್ಣ ಹೊಟ್ಟೆ ಉರಿಸಿಕೊಂಡಿದ್ದ. ಆ ಅಕ್ಕರೆಯನ್ನೇ ಇವಳು ಒಂದು ಅವಮಾನದ ಕೆಲಸವೆಂಬಂತೆ ಅವನ ಕೈಗೇ ಕೊಟ್ಟಿದ್ದಳು, ಅವನು ಅದನ್ನು ಒದ್ದಿದ್ದ. ಆಗ ಅವನಿಗೆ ಇನ್ನೊಂದು ಹೊಳೆಯಿತು. ಅವಳ ಸುಟ್ಟ ಹುಬ್ಬಿನ ಕಡೆ ನೋಡಿದ.

"ಮತ್ತೆ ಹತ್ರದ ಜಾಗ?" ಎಂದ. "ಅದನ್ನ ಯಾಕೆ ನೀನಿಟ್ಕೊಂಡೆ?"

"ಯಾರಾದ್ರೂ ಇರ್ಬೇಕಿತ್ತಲ್ಲ" ಎಂದು ಅವಳು ಎದ್ದು, ಸೀರೆಗೆ ಕೈ ಒರೆಸಿಕೊಂಡು, ಅಮ್ಮನ ಸಿಲಿಂಡರಿನಲ್ಲಿ ಇನ್ನೆಷ್ಟು ಉಳಿದಿದೆಯೆಂದು ನೋಡಲು ಹೋದಳು.